ಜೂನ್ ತಿಂಗಳ ಆ ಒಂದು ವಾರ: ಆರ್ಟ್ ಬಾಸೆಲ್ ಮತ್ತು ಅದರ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಓದಲು ಬಂದು, ಇಲ್ಲೇ ಕೆಲಸ ಹಿಡಿದು, ಹದಿನೈದು ವರ್ಷವಾಯಿತು. ಮೇ ತಿಂಗಳು ಮುಗಿಯುತ್ತಿದ್ದಂತೆ ಮೈಸೂರಿನಿಂದ, ಲಂಡನ್ನಿನಿಂದ, ಮ್ಯೂನಿಕ್‌ನಿಂದ ಪರಿಚಯದವರ ಫೋನು ಶುರುವಾಗುತ್ತದೆ: ‘ನಿಮ್ಮೂರಿನಲ್ಲಿ ಅದೇನೋ ದೊಡ್ಡ ಕಲಾಮೇಳವಂತಲ್ಲ, ಬಂದರೆ ಉಳಿಯಲು ಜಾಗ ಸಿಕ್ಕೀತೇ?’ ಜಾಗದಿಂದ ಶುರುವಾದ ಮಾತು ಗೋಡೆಗೆ ಅಂಟಿಸಿದ ಬಾಳೆಹಣ್ಣಿನವರೆಗೂ ಹೋಗುತ್ತದೆ. ಒಬ್ಬೊಬ್ಬರಿಗೂ ಹೇಳಿದ್ದನ್ನೇ ಹೇಳುವ ಬದಲು ಒಂದು ಕಡೆ ಬರೆದಿಡೋಣವೆಂದು ಕುಳಿತೆ. ನಾನು ಕಲಾವಿಮರ್ಶಕನೇನಲ್ಲ. ಮೇಳ ನಡೆಯುವ ಮೈದಾನಕ್ಕೆ ಹತ್ತು ನಿಮಿಷದ ದೂರದಲ್ಲಿ ಬಾಡಿಗೆಗಿರುವವನು, ಅಷ್ಟೇ.

ಆರ್ಟ್ ಬಾಸೆಲ್ ಎಂದರೆ ಚಿತ್ರಪ್ರದರ್ಶನವೇ?

ಸಂತೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಗೋಡೆಯ ಮೇಲಿರುವುದು, ನೆಲದ ಮೇಲಿರುವುದು, ಸೂರಿನಿಂದ ತೂಗುತ್ತಿರುವುದು ಎಲ್ಲವೂ ಮಾರಾಟಕ್ಕೆ ಬಂದದ್ದು. ಆದರೆ ಮಳಿಗೆ ಹಾಕುವವರು ಕಲಾವಿದರಲ್ಲ, ಅವರ ಕೃತಿಗಳನ್ನು ಮಾರುವ ಗ್ಯಾಲರಿಗಳು. ಅವೂ ಅರ್ಜಿ ಹಾಕಬೇಕು. ಗ್ಯಾಲರಿ ನಡೆಸುವವರೇ ಕುಳಿತ ಸಮಿತಿಯೊಂದು ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುತ್ತದೆ. 2025ರಲ್ಲಿ 289 ಗ್ಯಾಲರಿಗಳು ಬಂದಿದ್ದವು; ಬಂದುಹೋದ ಜನ ಸುಮಾರು 88,000. ಒಂದೂಮುಕ್ಕಾಲು ಲಕ್ಷದ ಆಸುಪಾಸಿನ ಜನ ಇರುವ ಊರಿಗೆ ಇದು ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಇದನ್ನು ವೆನಿಸ್‌ನಲ್ಲಿ ಅಥವಾ ಕೊಚ್ಚಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಬಿನಾಲೆ ಎಂಬ ಕಲಾಪ್ರದರ್ಶನದೊಂದಿಗೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ. ಬಿನಾಲೆ ಜಾತ್ರೆಯಿದ್ದಂತೆ: ಅಲ್ಲಿ ದೇವರಿದ್ದಾನೆ, ಉತ್ಸವವಿದೆ, ವ್ಯಾಪಾರ ಗುಡಿಯ ಹಿಂಬದಿಯಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಸಂತೆಯಲ್ಲಿ ಆ ಸಂಕೋಚವಿಲ್ಲ. ನನಗೆ ಸಂತೆಯ ಈ ನೇರ ನಡೆಯೇ ಹಿಡಿಸುತ್ತದೆ.

ಯಾವಾಗ, ಎಲ್ಲಿ?

ಜೂನ್ ತಿಂಗಳ ನಡುವೆ, ಮೆಸ್ಸೆಪ್ಲಾಟ್ಸ್ ಎಂಬ ಚೌಕದಲ್ಲಿ. ರೈಲುನಿಲ್ದಾಣದಿಂದ 2ನೇ ನಂಬರಿನ ಟ್ರಾಮ್ ಹತ್ತಿದರೆ ನೇರ ಅಲ್ಲಿಗೇ ಇಳಿಯಬಹುದು. ಮೊದಲ ಎರಡು ದಿನ ಆಹ್ವಾನಿತರಿಗೆ ಮಾತ್ರ. ಗುರುವಾರದಿಂದ ಭಾನುವಾರದವರೆಗೆ ಟಿಕೆಟ್ ಕೊಂಡ ಯಾರಿಗಾದರೂ.

ಪ್ಯಾರಿಸ್, ಲಂಡನ್ ಇರುವಾಗ ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ಮೇಳ ಹೇಗೆ ಬಂತು?

ಎಲ್ಲರೂ ಕೇಳುವ ಪ್ರಶ್ನೆ. ನಾನು ಖುಷಿಯಿಂದ ಉತ್ತರಿಸುವ ಪ್ರಶ್ನೆಯೂ ಇದೇ.

ಬಾಸೆಲ್ ಗಡಿಯ ಊರು. ರೈನ್ ನದಿಯ ತಿರುವಿನಲ್ಲಿ ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಒಂದನ್ನೊಂದು ಮುಟ್ಟುತ್ತವೆ. ಈ ಊರಿನ ವಿಮಾನ ನಿಲ್ದಾಣ ಇರುವುದೇ ಫ್ರಾನ್ಸಿನ ನೆಲದಲ್ಲಿ. ಇಂಥ ಜಾಗದಲ್ಲಿ ವ್ಯಾಪಾರ ಬೆಳೆಯುವುದು ಸಹಜ. ಆದರೆ ಕಲೆಯ ಮೇಲೆ ಊರು ದುಡ್ಡು ಹಾಕುವುದು? 1661ರಲ್ಲಿ ಆಮರ್‌ಬಾಖ್ ಮನೆತನದ ಚಿತ್ರಸಂಗ್ರಹ ಆಮ್‌ಸ್ಟರ್‌ಡ್ಯಾಮ್ ಪಾಲಾಗುವ ಹೊತ್ತಿಗೆ ನಗರ ಮತ್ತು ವಿಶ್ವವಿದ್ಯಾಲಯ ಸೇರಿ ಅದನ್ನು ಕೊಂಡವು. ಹದಿನಾರನೇ ಶತಮಾನದ ಚಿತ್ರಕಾರ ಹೋಲ್ಬೈನ್ ಬರೆದ ಚಿತ್ರಗಳು ಹೀಗೆ ಊರಿನ ಸೊತ್ತಾದವು. ರಾಜರಿಲ್ಲದ ಊರಿನಲ್ಲಿ ಅರಮನೆಯ ಸಂಗ್ರಹ ಎಲ್ಲಿಂದ ಬರಬೇಕು? ತಾವೇ ಕೊಳ್ಳಬೇಕು, ಕೊಂಡರು.

ಇನ್ನೊಂದು ಕತೆಯನ್ನು ಇಲ್ಲಿಯ ಹಿರಿಯರು ಈಗಲೂ ನಿನ್ನೆ ನಡೆದಂತೆ ಹೇಳುತ್ತಾರೆ. 1967ರ ಏಪ್ರಿಲ್‌ನಲ್ಲಿ ಗ್ಲೋಬ್ ಏರ್ ಎಂಬ ಬಾಸೆಲ್‌ನ ಸಣ್ಣ ವಿಮಾನ ಕಂಪನಿಯ ವಿಮಾನ ಸೈಪ್ರಸ್‌ನಲ್ಲಿ ಬಿದ್ದು 126 ಜನ ಸತ್ತರು. ಕಂಪನಿ ಮುಳುಗಿತು. ಅದರಲ್ಲಿ ದೊಡ್ಡ ಪಾಲು ಹೊಂದಿದ್ದ ಸ್ಟೇಹೆಲಿನ್ ಕುಟುಂಬ ಸಾಲ ತೀರಿಸಲು ಚಿತ್ರಗಳನ್ನು ಮಾರಬೇಕಾಯಿತು. ಆ ಪೈಕಿ ಪಿಕಾಸೊ ಬರೆದ ಎರಡು ಚಿತ್ರಗಳು ಊರಿನ ಕಲಾ ಮ್ಯೂಸಿಯಮ್ಮಿನ ಗೋಡೆಯ ಮೇಲಿದ್ದವು. ಅವನ್ನು ಉಳಿಸಿಕೊಳ್ಳಲು 84 ಲಕ್ಷ ಫ್ರಾಂಕ್ ಬೇಕಿತ್ತು. ಅದರಲ್ಲಿ 60 ಲಕ್ಷವನ್ನು ಸರಕಾರದ ಬೊಕ್ಕಸದಿಂದ ಕೊಡುವುದೆಂದು ಗೊತ್ತಾಯಿತು. ಕೆಲವರು ತಕರಾರು ತೆಗೆದರು: ಆಸ್ಪತ್ರೆ ಇಲ್ಲವೇ, ವೃದ್ಧರಿಲ್ಲವೇ, ಎರಡು ಚಿತ್ರಕ್ಕೆ ಇಷ್ಟು ಹಣವೇ? ಸ್ವಿಟ್ಜರ್ಲೆಂಡಿನ ಪದ್ಧತಿಯಂತೆ ವಿಷಯ ಮತಪೆಟ್ಟಿಗೆಗೆ ಹೋಯಿತು. ಉಳಿದ 24 ಲಕ್ಷಕ್ಕೆ ಊರವರು ‘ಭಿಕ್ಷುಕರ ಹಬ್ಬ’ ಎಂದು ಹೆಸರಿಟ್ಟು ಬೀದಿಗಿಳಿದು ಹಣ ಎತ್ತಿದರು. ಡಿಸೆಂಬರ್‌ನಲ್ಲಿ ಮತ ಎಣಿಸಿದಾಗ ಪರವಾಗಿ 32 ಸಾವಿರ, ವಿರುದ್ಧವಾಗಿ 27 ಸಾವಿರ. ಸುದ್ದಿ ಕೇಳಿದ ಪಿಕಾಸೊ ಮ್ಯೂಸಿಯಮ್ಮಿನ ನಿರ್ದೇಶಕರನ್ನು ತನ್ನ ಮನೆಗೆ ಕರೆಸಿಕೊಂಡು ಇನ್ನೂ ನಾಲ್ಕು ಕೃತಿಗಳನ್ನು ಊರಿಗೆ ಪುಕ್ಕಟೆ ಕೊಟ್ಟ.

ಎರಡೂವರೆ ವರ್ಷದ ನಂತರ, 1970ರ ಜೂನ್‌ನಲ್ಲಿ, ಎರ್ನ್‌ಸ್ಟ್ ಬೈಯೆಲರ್, ಟ್ರೂಡ್ಲ್ ಬ್ರುಕ್ನರ್, ಬಾಲ್ಟ್ಸ್ ಹಿಲ್ಟ್ ಎಂಬ ಮೂವರು ಗ್ಯಾಲರಿಯವರು ಇಲ್ಲಿ ಮೇಳ ತೆರೆದರು. ಮೊದಲ ವರ್ಷ 10 ದೇಶಗಳ 90 ಗ್ಯಾಲರಿಗಳು, ನೋಡಲು ಬಂದವರು 16 ಸಾವಿರ. ಊರಿಗೆ ಕಲೆಯ ರುಚಿ ಹತ್ತಿಸಲು ಮೇಳ ಬಂತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರುಚಿ ಹತ್ತಿದ್ದ ಊರಿಗೆ ಮೇಳ ಬಂತು.

ಇದೇ ಮೊದಲ ಕಲಾಸಂತೆಯೇ?

ಅಲ್ಲ. ಜರ್ಮನಿಯ ಕಲೋನ್ ನಗರ 1967ರಲ್ಲೇ ಇಂಥದ್ದನ್ನು ಶುರುಮಾಡಿತ್ತು. ಆದರೆ ಅಲ್ಲಿ ಜರ್ಮನಿಯ ಹದಿನೆಂಟು ಗ್ಯಾಲರಿಗಳಿಗಷ್ಟೇ ಜಾಗ. ಬಾಸೆಲ್‌ನವರು ಹೊರಗಿನವರಿಗೂ ಬಾಗಿಲು ತೆರೆದರು.

ಆ ವಾರ ಊರು ಹೇಗಿರುತ್ತದೆ?

ಟ್ರಾಮಿನಲ್ಲಿ ಕುಳಿತರೆ ಗೊತ್ತಾಗುತ್ತದೆ. ಉಳಿದ ದಿನ ಬೆಳಗ್ಗೆ ಎಂಟಕ್ಕೆ 2ನೇ ನಂಬರಿನ ಟ್ರಾಮಿನಲ್ಲಿ ಇರುವವರು ಶಾಲೆಗೆ ಹೋಗುವ ಮಕ್ಕಳು, ಔಷಧ ಕಂಪನಿಯ ಗುರುತುಚೀಟಿ ಕೊರಳಿಗೆ ಹಾಕಿಕೊಂಡ ನಮ್ಮಂಥವರು. ಮೇಳದ ವಾರ ಅದೇ ಟ್ರಾಮಿನಲ್ಲಿ ಸುಕ್ಕುಗಟ್ಟಿದ ಲಿನನ್ ಬಟ್ಟೆ, ದಪ್ಪ ಚೌಕಟ್ಟಿನ ಕನ್ನಡಕ, ಹೆಗಲಿಗೊಂದು ಬಟ್ಟೆಯ ಚೀಲ. ಕೋಟ್ಯಧಿಪತಿಯೂ ಅವನ ಬೆನ್ನಿಗೆ ಬಂದ ವಿದ್ಯಾರ್ಥಿಯೂ ಒಂದೇ ಥರದ ಚೀಲ ಹಿಡಿದಿರುತ್ತಾರೆ. ಯಾರು ಯಾರೆಂದು ಕಾಲಿನ ಚಪ್ಪಲಿ ನೋಡಿ ಗುರುತಿಸಬೇಕು. ಸಂಜೆಯಾಗುತ್ತಲೇ ಊರಿನವರು ಬಟ್ಟೆಬರೆಯನ್ನು ಮೀನಿನಾಕಾರದ ನೀರು ಹೊಗದ ಚೀಲದಲ್ಲಿ ಕಟ್ಟಿ ರೈನ್ ನದಿಗೆ ಇಳಿದು ತೇಲುತ್ತಾರೆ. ದಂಡೆಯ ಮೇಲೆ ನಿಂತ ಕಲಾಸಂಗ್ರಾಹಕರು ಇದೂ ಮೇಳದ ಕಾರ್ಯಕ್ರಮವೇನೋ ಎಂಬಂತೆ ಫೋಟೊ ತೆಗೆಯುತ್ತಾರೆ.

ನಾನು ಹೆಚ್ಚು ಹತ್ತಿರದಿಂದ ನೋಡಿದ್ದು ಅದರ ಹಿಂದಿನ ವಾರವನ್ನು. ವಿದ್ಯಾರ್ಥಿಯಾಗಿದ್ದಾಗ ಗುತ್ತಿಗೆದಾರನೊಬ್ಬನ ಕೈಕೆಳಗೆ ಎಂಟು ದಿನ ಮಳಿಗೆಗಳ ಗೋಡೆಗೆ ಬಿಳಿ ಬಣ್ಣ ಬಳಿದಿದ್ದೇನೆ. ಒಂದು ಬಿಳಿ, ಅದರ ಮೇಲೆ ಇನ್ನೊಂದು ಬಿಳಿ. ‘ಇದು ಹಳದಿಗೆ ತಿರುಗುತ್ತಿದೆ’ ಎಂದು ಗ್ಯಾಲರಿಯವರು ಮೂಗು ಮುರಿದರೆ ಮತ್ತೊಂದು ಬಿಳಿ. ಒಂದು ಮಧ್ಯಾಹ್ನ ಪಕ್ಕದ ಮಳಿಗೆಗೆ ಆಳೆತ್ತರದ ಮರದ ಪೆಟ್ಟಿಗೆ ಬಂತು. ಬಿಳಿ ಕೈಗವಸು ತೊಟ್ಟ ಇಬ್ಬರು ಮುಚ್ಚಳದ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ, ಎಣಿಸಿ, ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ಅದನ್ನು ಪೆಟ್ಟಿಗೆಯ ಒಳಬದಿಗೇ ಅಂಟಿಸಿದರು. ವಾಪಸ್ ಹೋಗುವಾಗಲೂ ಅವೇ ತಿರುಪು ಬೇಕಲ್ಲ. ಚಿತ್ರ ಹೊರಬಂದ ಮೇಲೆ ಮೂರನೆಯವಳು ಟಾರ್ಚನ್ನು ಓರೆಯಾಗಿ ಹಿಡಿದು ನಾಲ್ಕೂ ಮೂಲೆ ಪರೀಕ್ಷಿಸಿ ಕಾಗದದಲ್ಲಿ ಏನೋ ಬರೆದಳು. ಕೂದಲೆಳೆಯಷ್ಟು ಗೀರು ಕಂಡಿತ್ತು. ಅದು ಈ ಪ್ರಯಾಣದಲ್ಲಿ ಆದದ್ದೋ, ಮೊದಲೇ ಇದ್ದದ್ದೋ ಎಂದು ಮುಕ್ಕಾಲು ಗಂಟೆ ಮಾತಾಯಿತು. ನಮ್ಮ ಮೇಸ್ತ್ರಿ ಬಾಯಿಬಿಡದೆ ಬಣ್ಣದ ಡಬ್ಬಿಯನ್ನು ಹತ್ತಡಿ ದೂರ ಸರಿಸಿದ.

ನನ್ನ ಕೂಲಿ ಕೈಗೆ ಬಂದದ್ದು ಆರು ವಾರಗಳ ನಂತರ.

ಕೊಳ್ಳುವ ಶಕ್ತಿ ಇಲ್ಲದವರು ಹೋಗಬಹುದೇ?

ಧಾರಾಳವಾಗಿ ಹೋಗಬಹುದು, ಟಿಕೆಟ್ ಕೊಂಡು. ಒಂದು ದಿನದ ಟಿಕೆಟ್ 60 ಫ್ರಾಂಕ್ ದಾಟುತ್ತದೆ, ಅಂದರೆ ಆರು ಸಾವಿರ ರೂಪಾಯಿಗೂ ಮೇಲೆ. ಹಣ ಕೊಡಲು ಮನಸ್ಸಿಲ್ಲದಿದ್ದರೆ ಚೌಕದಲ್ಲಿ ನಿಲ್ಲಿಸಿದ ಕೃತಿ ಮತ್ತು ಊರಿನ ಬೀದಿ, ಅಂಗಡಿ, ಹಳೆಯ ಕಟ್ಟಡಗಳಲ್ಲಿ ಹರಡಿರುವ ‘ಪಾರ್ಕೂರ್’ ಎಂಬ ಭಾಗವನ್ನು ಉಚಿತವಾಗಿ ನೋಡಬಹುದು.

ಒಳಗೆ ಹೋದವರು ತಪ್ಪದೆ ನೋಡಬೇಕಾದದ್ದು 2000ದಲ್ಲಿ ಶುರುವಾದ ‘ಅನ್‌ಲಿಮಿಟೆಡ್’. ಮಳಿಗೆಯಲ್ಲಿ ಹಿಡಿಸದ ಗಾತ್ರದ ಕೃತಿಗಳಿಗೆಂದೇ ವಿಮಾನ ನಿಲ್ಲಿಸುವಷ್ಟು ಜಾಗ. ಮಕ್ಕಳನ್ನು ಕರೆದೊಯ್ಯುವುದಾದರೆ ಅಲ್ಲಿಗೇ, ಬೇಸರಪಡುವುದಿಲ್ಲ.

ಬೆಲೆ ಕೇಳಿದರೆ ಹೇಳುತ್ತಾರೆಯೇ?

ಕೇಳುವುದು ತಪ್ಪಲ್ಲ. ಉತ್ತರ ಮಾತ್ರ ನಿಮ್ಮನ್ನು ಅಳೆದ ಮೇಲೆ ಬರುತ್ತದೆ. ಗೋಡೆಯ ಮೇಲೆ ಬೆಲೆಯ ಚೀಟಿ ಅಪರೂಪ. ನಿಜ ಹೇಳಬೇಕೆಂದರೆ ದೊಡ್ಡ ವ್ಯಾಪಾರದ ಒಂದು ಪಾಲು ಬಾಗಿಲು ತೆರೆಯುವ ಮೊದಲೇ ಆಗಿಹೋಗಿರುತ್ತದೆ: ಗ್ಯಾಲರಿಯವರು ಮುಂಚಿತವಾಗಿ ನಂಬಿಕಸ್ಥ ಗಿರಾಕಿಗಳಿಗೆ ಚಿತ್ರಗಳ ಫೋಟೊ ಕಳಿಸಿರುತ್ತಾರೆ, ಅವರು ಕಾಯ್ದಿರಿಸಿರುತ್ತಾರೆ. ಗುರುವಾರ ನಾವು ಹೋಗುವ ಹೊತ್ತಿಗೆ ಕೆಲವು ಮಳಿಗೆಗಳಲ್ಲಿ ಹಳೆಯದು ಇಳಿದು ಹೊಸ ಚಿತ್ರ ಏರಿರುವುದೂ ಉಂಟು.

ಇನ್ನು ಹೊರದೇಶದ ಸರಕು ಪ್ರದರ್ಶನಕ್ಕೆಂದು ತಾತ್ಕಾಲಿಕವಾಗಿ ಒಳಬಂದಿರುತ್ತದೆ. ಮಾರಾಟವಾಗಿ ಈ ದೇಶದಲ್ಲೇ ಉಳಿದರೆ ತೆರಿಗೆ, ಹೊರಗೆ ಹೋದರೆ ಬೇರೆ ಲೆಕ್ಕ. ಕೊಂಡದ್ದನ್ನು ಮನೆಗೆ ಒಯ್ಯದೆ ಸುಂಕವಿಲ್ಲದ ಉಗ್ರಾಣಗಳಲ್ಲಿ ವರ್ಷಗಟ್ಟಲೆ ಇಡುವವರೂ ಇದ್ದಾರೆ. ಕತ್ತಲಲ್ಲಿ ಕುಳಿತ ಚಿತ್ರ ಯಾರಿಗೆ ಚಿತ್ರ ಎಂದು ನನ್ನನ್ನು ಕೇಳಬೇಡಿ.

ಊರಿಗೆ ಇದರಿಂದ ಏನು ಸಿಗುತ್ತದೆ?

ಹೋಟೆಲಿನವರಿಗೆ ಸುಗ್ಗಿ. ಆ ವಾರ ಕೋಣೆಯ ಬಾಡಿಗೆ ಹಲವು ಪಟ್ಟು ಏರುತ್ತದೆ. ಜನ ಜ್ಯೂರಿಕ್‌ನಲ್ಲಿ, ಫ್ರಾನ್ಸಿನ ಮುಲೂಸ್‌ನಲ್ಲಿ, ಜರ್ಮನಿಯ ಫ್ರೈಬುರ್ಗ್‌ನಲ್ಲಿ ಉಳಿದು ರೈಲಿನಲ್ಲಿ ಬಂದುಹೋಗುತ್ತಾರೆ. ರೆಸ್ಟೋರೆಂಟುಗಳಲ್ಲಿ ಮೇಜು ಸಿಗುವುದಿಲ್ಲ. ಬಡಗಿ, ವಿದ್ಯುತ್ ಕೆಲಸದವರು, ಹೂವಿನವರು, ಸಾಗಣೆಯವರು, ಅನುವಾದಕರು, ಟ್ಯಾಕ್ಸಿಯವರು ಎಲ್ಲರಿಗೂ ಕೈತುಂಬ ಕೆಲಸ. ಕೆಲವು ಅಂಗಡಿಗಳಿಗೆ ಮಾತ್ರ ನಷ್ಟ: ನಮ್ಮ ಬೀದಿಯ ತರಕಾರಿಯಂಗಡಿಯ ತುರ್ಕಿ ಅಣ್ಣ ಹೇಳುವಂತೆ ‘ಬಂದವರು ಟೊಮೆಟೊ ಕೊಳ್ಳುವುದಿಲ್ಲ, ಇದ್ದವರು ಊರು ಬಿಟ್ಟಿರುತ್ತಾರೆ’.

ನನಗೆ ಹೆಚ್ಚು ತೂಕದ್ದೆನಿಸುವುದು ಬೇರೆ ಲಾಭ. ಮೇಳದ ಜನರಿಗಾಗಿ ಊರಿನ ಮ್ಯೂಸಿಯಮ್‌ಗಳು ತಮ್ಮ ದೊಡ್ಡ ಪ್ರದರ್ಶನವನ್ನು ಜೂನ್‌ಗೆ ಹೊಂದಿಸುತ್ತವೆ. ಮೇಳ ಆರೇ ದಿನ, ಆ ಪ್ರದರ್ಶನಗಳು ನಮಗೆ ತಿಂಗಳುಗಟ್ಟಲೆ. ಮೇಳದ ಸ್ಥಾಪಕರಲ್ಲೊಬ್ಬರಾದ ಬೈಯೆಲರ್ ಮತ್ತು ಅವರ ಹೆಂಡತಿ ತಮ್ಮ ಸಂಗ್ರಹಕ್ಕೆಂದು ಕಟ್ಟಿಸಿದ, ವಾಸ್ತುಶಿಲ್ಪಿ ರೆಂಝೋ ಪಿಯಾನೋ ವಿನ್ಯಾಸದ ಮ್ಯೂಸಿಯಂ 1997ರಿಂದ ಊರಂಚಿನ ರೀಹೆನ್‌ನಲ್ಲಿದೆ. 6ನೇ ನಂಬರಿನ ಟ್ರಾಮ್ ಅದರ ಬಾಗಿಲಿಗೇ ಹೋಗುತ್ತದೆ.

ಮನೆಬಾಡಿಗೆ ಏರಿದ್ದು ಮೇಳದಿಂದಲೇ?

ಇಲ್ಲಿ ಅಲ್ಲ. ಬಾಸೆಲ್‌ನಲ್ಲಿ ಬಾಡಿಗೆ ಏರಿಸುವುದು ರೋಶ್, ನೋವಾರ್ಟಿಸ್‌ನಂಥ ಔಷಧ ಕಂಪನಿಗಳ ಸಂಬಳ. ನನ್ನ ಸಂಬಳವೂ ಅದೇ ಕ್ಷೇತ್ರದ್ದಾದ್ದರಿಂದ ಈ ಪಾಪದಲ್ಲಿ ನನಗೂ ಪಾಲಿದೆ. ರೈನ್ ದಂಡೆಯಲ್ಲಿ ರೋಶ್‌ನ ಎರಡು ಗೋಪುರಗಳು ನಿಂತಿವೆ, ಎತ್ತರದ್ದು 205 ಮೀಟರ್. ಊರಿನ ಯಾವ ಮೂಲೆಯಿಂದಲೂ ಕಾಣುತ್ತವೆ. ಮೇಳಕ್ಕೆ ಆ ಶಕ್ತಿಯಿಲ್ಲ. ಬಾಡಿಗೆದಾರರ ರಕ್ಷಣೆಗೆ ಇಲ್ಲಿನ ಜನ 2021ರಲ್ಲಿ ಮತ ಹಾಕಿ ಕಟ್ಟುನಿಟ್ಟಾದ ಕಾನೂನನ್ನೂ ತಂದುಕೊಂಡಿದ್ದಾರೆ. ಆ ವಾರ ತಮ್ಮ ಮನೆಯನ್ನು ಹೊರಗಿನವರಿಗೆ ಕೊಟ್ಟು ಅಮ್ಮನ ಮನೆಗೆ ಹೋಗುವ ಜೋಡಿ ನಮ್ಮ ಮಹಡಿಯಲ್ಲೇ ಇದೆ. ಆ ಹಣದಲ್ಲಿ ಆಗಸ್ಟ್‌ನ ಪ್ರವಾಸ ಮುಗಿಯುತ್ತದಂತೆ.

ಹಾಗಾದರೆ ಊರಿನವರಿಗೆ ಮೇಳದ ಮೇಲೆ ಸಿಟ್ಟೇ ಇಲ್ಲವೇ?

ಇದೆ. ಒಮ್ಮೆ ಚೆನ್ನಾಗಿಯೇ ಸಿಡಿದಿತ್ತು. 2013ರಲ್ಲಿ ಜಪಾನಿನ ಕಲಾವಿದ ತದಾಶಿ ಕವಾಮಾತಾ ಮೆಸ್ಸೆಪ್ಲಾಟ್ಸ್ ಚೌಕದಲ್ಲಿ ಹಳೆ ಮರದ ಹಲಗೆಗಳಿಂದ ಕೊಳೆಗೇರಿಯ ಗುಡಿಸಲುಗಳಂಥವನ್ನು ಕಟ್ಟಿದರು. ಬ್ರೆಜಿಲ್‌ನ ಫವೇಲಾಗಳ ಹೆಸರಿಟ್ಟು ಅದರಲ್ಲಿ ಕಾಫಿ, ತಿಂಡಿ ಮಾರಾಟ. ಗುಡಿಸಲಿನಲ್ಲಿ ಕುಳಿತು ಸಂಗ್ರಾಹಕರು ದುಬಾರಿ ಕಾಫಿ ಕುಡಿಯುವುದನ್ನು ನೋಡಿದ ಕೆಲವು ಯುವಕರು ಪಕ್ಕದಲ್ಲೇ ತಮ್ಮದೂ ಗುಡಿಸಲು ಕಟ್ಟಿ, ಹಾಡು ಹಾಕಿ, ಸಂಜೆ ಕುಣಿಯಲು ಶುರುಮಾಡಿದರು. ಮೊದಲು ನಗುನಗುತ್ತಲೇ ನಡೆಯಿತು. ಜಾಗ ಬಿಡಿ ಎಂದದ್ದಕ್ಕೆ ಅವರು ಬಿಡಲಿಲ್ಲ. ಕೊನೆಗೆ ಪೊಲೀಸರು ಬಂದು ಅಶ್ರುವಾಯು, ರಬ್ಬರ್ ಗುಂಡು ಹಾರಿಸಿ ಚೌಕ ಖಾಲಿ ಮಾಡಿಸಿದರು. ಕಲೆಯ ಗುಡಿಸಲಿಗೆ ಕಾವಲು, ಅದರ ಪಕ್ಕದ ಗುಡಿಸಲಿಗೆ ಅಶ್ರುವಾಯು. ಇದಕ್ಕಿಂತ ಮೊನಚಾದ ಕಲಾಕೃತಿ ಆ ವರ್ಷ ಒಳಗೆ ಇದ್ದಿರಲಾರದು.

ದಿನನಿತ್ಯದ ಸಿಟ್ಟು ಸಣ್ಣದು: ಟ್ರಾಮಿನಲ್ಲಿ ಜಾಗವಿಲ್ಲ, ಬಿಯರಿಗೆ ಬೆಲೆ ಹೆಚ್ಚು. ಇದನ್ನು ಗೊಣಗುವುದು ಇಲ್ಲಿಯವರಿಗೆ ಒಂದು ಸುಖ.

ಮೇಳದ ಯಜಮಾನರು ಯಾರು? ನಗರಸಭೆಯೇ?

ಪೂರ್ತಿಯಲ್ಲ, ಆದರೆ ಊರಿಗೆ ದೊಡ್ಡ ಪಾಲಿದೆ. ಎಂಸಿಎಚ್ ಗ್ರೂಪ್ ಎಂಬ ಕಂಪನಿ ಮೇಳ ನಡೆಸುತ್ತದೆ. ಬಾಸೆಲ್ ನಗರದ ಸರಕಾರ ಅದರ ಪಾಲುದಾರ. ಈ ಪಾಲು ವರವೋ ಹೊರೆಯೋ ಎಂದು ತಿಳಿಯಲು ಗಡಿಯಾರದ ಕತೆ ಕೇಳಬೇಕು.

ಇದೇ ಕಂಪನಿ ಬಾಸೆಲ್‌ವರ್ಲ್ಡ್ ಎಂಬ ಗಡಿಯಾರ ಮತ್ತು ಆಭರಣಗಳ ಮೇಳವನ್ನೂ ನಡೆಸುತ್ತಿತ್ತು. ಅದೇ ನಿಜವಾದ ಹಾಲು ಕೊಡುವ ಹಸು. ಅದನ್ನು ನಂಬಿ ಹೆರ್ಜೋಗ್ ಮತ್ತು ಡಿ ಮ್ಯೂರಾನ್ ಎಂಬ ಊರಿನವರೇ ಆದ ವಾಸ್ತುಶಿಲ್ಪಿಗಳಿಂದ ಹೊಸ ಸಭಾಂಗಣ ಕಟ್ಟಿಸಿದರು. 2013ರಲ್ಲಿ ತೆರೆಯಿತು, ಖರ್ಚು 43 ಕೋಟಿ ಫ್ರಾಂಕ್. ಬುಟ್ಟಿ ಹೆಣೆದಂಥ ಅಲ್ಯೂಮಿನಿಯಂ ಮೈ, ಚೌಕದ ನೆತ್ತಿಗೆ ಆಕಾಶ ಕಾಣುವ ದೊಡ್ಡ ದುಂಡನೆಯ ತೂತು. ಮಳೆ ಬಂದರೆ ಆ ವೃತ್ತದೊಳಗಷ್ಟೇ ನೀರು ಬೀಳುವುದನ್ನು ನೋಡುತ್ತ ನಾನು ಎಷ್ಟೋ ಟ್ರಾಮ್ ತಪ್ಪಿಸಿಕೊಂಡಿದ್ದೇನೆ. ಐದೇ ವರ್ಷದಲ್ಲಿ, 2018ರಲ್ಲಿ, ಸ್ವಾಚ್ ಗುಂಪು ಗಡಿಯಾರ ಮೇಳದಿಂದ ಹೊರನಡೆಯುವುದಾಗಿ ಹೇಳಿತು. 2020ರ ಏಪ್ರಿಲ್‌ನಲ್ಲಿ ರೋಲೆಕ್ಸ್, ಪಾಟೆಕ್ ಫಿಲಿಪ್ ಕೂಡ ಹೊರಟರು. ಮೇಳ ಅಲ್ಲಿಗೆ ಮುಗಿಯಿತು. ಅದೇ ವರ್ಷ ಕೋವಿಡ್‌ನಿಂದ ಕಲಾಮೇಳವೂ ನಡೆಯಲಿಲ್ಲ. ಕಂಪನಿಯನ್ನು ಉಳಿಸಲು ಮಾಧ್ಯಮ ಉದ್ಯಮಿ ಜೇಮ್ಸ್ ಮರ್ಡಾಕ್ ಅವರ ಲೂಪಾ ಸಿಸ್ಟಮ್ಸ್ ಕಂಪನಿ ಹಣ ಹಾಕಿ ದೊಡ್ಡ ಪಾಲು ಪಡೆಯಿತು.

ಮೇಳವನ್ನು ನೆಚ್ಚಿದ ಊರಿಗಿರುವ ಅಪಾಯ ಇದೇ. ಕಟ್ಟಡ ಇಲ್ಲೇ ಉಳಿಯುತ್ತದೆ. ಮಳಿಗೆಯವರು ಚೀಲ ಹೆಗಲಿಗೇರಿಸಿ ಬೇರೆ ಊರಿಗೆ ಹೋಗಬಲ್ಲರು.

ಮಯಾಮಿಯಲ್ಲಿ ಇದೇ ಮೇಳ ಊರನ್ನೇ ಬದಲಿಸಿತು ಎನ್ನುತ್ತಾರೆ, ನಿಜವೇ?

ನಿಜ. ಬಾಸೆಲ್‌ನಲ್ಲಿ ಆಗದ್ದು ಅಲ್ಲಿ ಆಯಿತು. ಅಮೆರಿಕದ ಮಯಾಮಿ ಬೀಚ್‌ನಲ್ಲಿ 2001ರ ಡಿಸೆಂಬರ್‌ಗೆ ಮೇಳ ಶುರುವಾಗಬೇಕಿತ್ತು; ಸೆಪ್ಟೆಂಬರ್ 11ರ ದಾಳಿಯಿಂದಾಗಿ ಒಂದು ವರ್ಷ ಮುಂದಕ್ಕೆ ಹೋಯಿತು. 2002ರಲ್ಲಿ ಶುರುವಾದದ್ದು, ಕೋವಿಡ್‌ನ 2020 ಒಂದನ್ನು ಬಿಟ್ಟರೆ, ಮತ್ತೆ ನಿಲ್ಲಲಿಲ್ಲ. ಮೇಳದ ಬಾಲ ಹಿಡಿದು ಹತ್ತಾರು ಸಣ್ಣ ಮೇಳಗಳು ಬಂದವು, ಕಡಲದಂಡೆಯಲ್ಲಿ ಡೇರೆ ಹಾಕಿದವು. 2013ರ ಡಿಸೆಂಬರ್‌ನಲ್ಲಿ ಪೆರೆಸ್ ಆರ್ಟ್ ಮ್ಯೂಸಿಯಂ ಹೊಸ ಕಟ್ಟಡಕ್ಕೆ ಬಂತು, ಅದನ್ನು ಕಟ್ಟಿದವರೂ ಬಾಸೆಲ್‌ನ ಅದೇ ವಾಸ್ತುಶಿಲ್ಪಿಗಳು. 2017ರ ಡಿಸೆಂಬರ್‌ನಲ್ಲಿ ಇನ್ನೊಂದು ಮ್ಯೂಸಿಯಮ್ಮಿನ ಹೊಸ ಕಟ್ಟಡ. ಎಲ್ಲವೂ ಡಿಸೆಂಬರ್‌ನಲ್ಲೇ ಬಾಗಿಲು ತೆರೆದದ್ದನ್ನು ಗಮನಿಸಿ. ಊರಿನ ಪಂಚಾಂಗವೇ ಮೇಳದ ಸುತ್ತ ತಿರುಗತೊಡಗಿತು.

ಆದರೆ ಕತೆಯ ಹುಳಿ ಇರುವುದು ವಿನ್‌ವುಡ್ ಎಂಬ ಬಡಾವಣೆಯಲ್ಲಿ. ಪೋರ್ಟೊ ರಿಕೊದಿಂದ ಬಂದವರ ಮನೆಗಳು, ಬಟ್ಟೆ ವ್ಯಾಪಾರದ ಗೋದಾಮುಗಳು ಇದ್ದ ಜಾಗ. ಅಗ್ಗದ ಗೋದಾಮು ಕಂಡು 1990ರ ದಶಕದಲ್ಲಿ ರೂಬೆಲ್ ದಂಪತಿ ತಮ್ಮ ಚಿತ್ರಸಂಗ್ರಹವನ್ನು ಅಲ್ಲಿಟ್ಟರು. ಮೇಳ ಬಂದ ಮೇಲೆ ಅಲ್ಲಿ ಗ್ಯಾಲರಿಗಳು ಹುಟ್ಟಿದವು. 2009ರಲ್ಲಿ ಟೋನಿ ಗೋಲ್ಡ್‌ಮನ್ ಎಂಬ ಕಟ್ಟಡ ಉದ್ಯಮಿ ಗೋದಾಮುಗಳ ಗೋಡೆ ಮೇಲೆ ಬೀದಿ ಕಲಾವಿದರಿಂದ ಚಿತ್ರ ಬರೆಸಿ ‘ವಿನ್‌ವುಡ್ ವಾಲ್ಸ್’ ಎಂದು ಹೆಸರಿಟ್ಟರು. ಗೋಡೆಯ ಚಿತ್ರ ನೋಡಲು ಜನ, ಜನರಿಗಾಗಿ ಬಾರು, ಬಾರಿಗಾಗಿ ಬಾಡಿಗೆ. ಹಳೆಯ ನಿವಾಸಿಗಳು ಹೋದರು. ಸ್ವಲ್ಪ ದಿನದಲ್ಲಿ ಬಾಡಿಗೆ ತೆರಲಾರದೆ ಗ್ಯಾಲರಿಗಳೂ ಹೋದವು. 2019ರಲ್ಲಿ ರೂಬೆಲ್ ದಂಪತಿಯೂ ತಮ್ಮ ಸಂಗ್ರಹವನ್ನು ಅಲ್ಲಾಪಟಾ ಎಂಬ ಪಕ್ಕದ ಬಡಾವಣೆಗೆ ಸಾಗಿಸಿದರು.

ಬಾಸೆಲ್‌ನಲ್ಲಿ ಹೀಗೇಕೆ ಆಗಲಿಲ್ಲ? ನನ್ನ ಲೆಕ್ಕ ಸರಳ. ಇಲ್ಲಿ ಮೇಳಕ್ಕೆ ಮುಂಚೆಯೇ ಎಲ್ಲ ಜಾಗಕ್ಕೂ ಬೆಲೆಯಿತ್ತು, ಬಾಡಿಗೆದಾರನಿಗೆ ಕಾನೂನಿನ ಬಲವಿತ್ತು, ಜಾಹೀರಾತಿಗೆ ಚಿತ್ರ ಬೇಕಾದ ಖಾಲಿ ಗೋದಾಮುಗಳಿರಲಿಲ್ಲ. ಮಯಾಮಿಯಲ್ಲಿ ಭೂಮಿ ಮಾರುವವರು ಕಲೆಗಾಗಿ ಕಾಯುತ್ತಿದ್ದರು.

ಆ ಬಾಳೆಹಣ್ಣು?

ಬಂದೇ ಬಂತಲ್ಲ. 2019ರ ಡಿಸೆಂಬರ್, ಮಯಾಮಿ ಬೀಚ್. ಇಟಲಿಯ ಮೌರಿಜಿಯೊ ಕಟೆಲಾನ್ ಒಂದು ಬಾಳೆಹಣ್ಣನ್ನು ಬೂದುಬಣ್ಣದ ಟೇಪಿನಿಂದ ಗೋಡೆಗೆ ಅಂಟಿಸಿದರು. ಬೆಲೆ 1,20,000 ಡಾಲರ್. ಡೇವಿಡ್ ದತುನಾ ಎಂಬ ಇನ್ನೊಬ್ಬ ಕಲಾವಿದ ಅದನ್ನು ಸುಲಿದು ತಿಂದರು. ಗ್ಯಾಲರಿಯವರು ಇನ್ನೊಂದು ಹಣ್ಣು ತಂದು ಅಂಟಿಸಿದರು. ಏಕೆಂದರೆ ಮಾರಾಟವಾದದ್ದು ಹಣ್ಣಲ್ಲ, ಪ್ರಮಾಣಪತ್ರ. 2024ರ ನವೆಂಬರ್‌ನಲ್ಲಿ ಅದರ ಒಂದು ಪ್ರತಿ ನ್ಯೂಯಾರ್ಕ್‌ನ ಹರಾಜಿನಲ್ಲಿ 62 ಲಕ್ಷ ಡಾಲರಿಗೆ ಹೋಯಿತು. ಕೊಂಡವರು ಅದನ್ನೂ ತಿಂದರು. ನಂಜನಗೂಡು ರಸಬಾಳೆಯಾಗಿದ್ದರೆ ತಿಂದದ್ದಕ್ಕೆ ಅರ್ಥವಿತ್ತು ಎಂದು ನಮ್ಮ ತಂದೆ ಹೇಳುತ್ತಾರೆ.

ಹಾಂಗ್‌ಕಾಂಗ್, ಪ್ಯಾರಿಸ್, ದೋಹಾ. ಮೇಳ ಊರೂರು ಸುತ್ತುತ್ತಿದ್ದರೆ ಬಾಸೆಲ್‌ಗೆ ಭಯವಿಲ್ಲವೇ?

2013ರಿಂದ ಹಾಂಗ್‌ಕಾಂಗ್, 2022ರಿಂದ ಪ್ಯಾರಿಸ್, 2026ರ ಫೆಬ್ರವರಿಯಲ್ಲಿ ಕತಾರ್‌ನ ದೋಹಾ. ಇವುಗಳಲ್ಲಿ ಬಾಸೆಲ್‌ನವರಿಗೆ ಚುಚ್ಚುವುದು ಪ್ಯಾರಿಸ್ಸೇ. 2024ರಿಂದ ಮೇಳ ಅಲ್ಲಿಯ ಗ್ರಾಂ ಪಲೇ ಎಂಬ ಹಳೆಯ ಪ್ರದರ್ಶನ ಭವನದ ಗಾಜಿನ ಸೂರಿನ ಕೆಳಗೆ ನಡೆಯುತ್ತಿದೆ. ಪ್ಯಾರಿಸ್ಸಿಗೆ ಹೋದ ಶ್ರೀಮಂತರಿಗೆ ಊಟ, ಬಟ್ಟೆ, ಹೋಟೆಲು ಎಲ್ಲದಕ್ಕೂ ಆಯ್ಕೆಯಿದೆ. ಬಾಸೆಲ್‌ನಲ್ಲಿ ಸಂಜೆ ಆರೂವರೆಗೆ ಅಂಗಡಿ ಮುಚ್ಚುತ್ತಾರೆ. ಆದರೆ ಇಲ್ಲಿ ಗಮನ ಬೇರೆಡೆ ಹರಿಯುವಂಥದ್ದು ಏನೂ ಇಲ್ಲವೆಂಬುದೇ ಇಲ್ಲಿಯ ಬಂಡವಾಳ ಎಂದು ಗ್ಯಾಲರಿಯವರೊಬ್ಬರು ನನಗೆ ಹೇಳಿದ್ದರು. ಬಂದವರು ಚಿತ್ರ ನೋಡದೆ ಇನ್ನೇನು ಮಾಡಿಯಾರು?

ಊರಿನ ಕಲಾವಿದರಿಗೆ ಏನಾದರೂ ಉಪಯೋಗವಿದೆಯೇ?

ನೇರವಾಗಿ ಕಡಿಮೆ. ದೊಡ್ಡ ಮೇಳಕ್ಕೆ ಸಣ್ಣವರು ಕಾಲಿಡಲಾಗುವುದಿಲ್ಲವೆಂದು 1996ರಲ್ಲಿ ಕೆಲವು ಯುವ ಗ್ಯಾಲರಿಗಳು ಹಳೆಯ ವಾರ್ಟೆಕ್ ಬಿಯರ್ ಕಾರ್ಖಾನೆಯಲ್ಲಿ ‘ಲಿಸ್ಟೆ’ ಎಂಬ ಇನ್ನೊಂದು ಮೇಳ ಶುರುಮಾಡಿದವು. ಅದು ಈಗಲೂ ಅದೇ ವಾರ ನಡೆಯುತ್ತದೆ. ಹೊಸಬರನ್ನು ಹುಡುಕುವವರು ಅಲ್ಲಿಗೆ ಹೋಗುತ್ತಾರೆ.

ಭಾರತಕ್ಕೆ, ಕರ್ನಾಟಕಕ್ಕೆ ಇದರ ನಂಟು? ಬೆಂಗಳೂರಿಗೂ ಇಂಥ ಮೇಳ ಬೇಕೇ?

ಮುಂಬೈ, ಕೋಲ್ಕತ್ತಾ, ದಿಲ್ಲಿಯ ಗ್ಯಾಲರಿಗಳು ಈ ಮೇಳಗಳಲ್ಲಿ ಮಳಿಗೆ ಹಾಕಿವೆ. 2008ರಲ್ಲಿ ದಿಲ್ಲಿಯಲ್ಲಿ ಶುರುವಾದ ಇಂಡಿಯಾ ಆರ್ಟ್ ಫೇರ್‌ನಲ್ಲಿ ಬಾಸೆಲ್‌ನ ಎಂಸಿಎಚ್ ಕಂಪನಿ 2016ರಲ್ಲಿ ದೊಡ್ಡ ಪಾಲು ಕೊಂಡು, ತನ್ನ ಮನೆಗೇ ಬೆಂಕಿ ಬಿದ್ದಾಗ 2019ರಲ್ಲಿ ಮಾರಿತು. ಅತ್ತ ಕೊಚ್ಚಿಯಲ್ಲಿ 2012ರ ಡಿಸೆಂಬರ್ 12ರಂದು ಬಿನಾಲೆ ಶುರುವಾಯಿತು. 2016ರ ಆವೃತ್ತಿಯನ್ನು ರೂಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ ಶೆಟ್ಟಿ.

ಬೆಂಗಳೂರಿಗೆ ಬಾಸೆಲ್ ಬೇಕೇ ಎಂದರೆ, ಅದರ ಹತ್ತಿರ ಬಾಸೆಲ್‌ನಲ್ಲಿ ಇಲ್ಲದ್ದೊಂದು ಈಗಾಗಲೇ ಇದೆ ಎನ್ನುತ್ತೇನೆ. ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ನಡೆಸುತ್ತಿರುವ ಚಿತ್ರಸಂತೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಗೆ ವಾಹನ ಬಿಡುವುದಿಲ್ಲ. ಕಲಾವಿದರೇ ರಸ್ತೆಬದಿಯಲ್ಲಿ ಚಿತ್ರಗಳನ್ನು ಒರಗಿಸಿಟ್ಟು ಬಿಸಿಲಿನಲ್ಲಿ ಕೂರುತ್ತಾರೆ. ಬೆಲೆ ಕೇಳಿದರೆ ಬಾಯಿಬಿಟ್ಟು ಹೇಳುತ್ತಾರೆ, ಚೌಕಾಸಿಯೂ ನಡೆಯುತ್ತದೆ. ನಮ್ಮ ಅತ್ತೆ ಅಲ್ಲಿ ಕೊಂಡ ಪುಟ್ಟ ಜಲವರ್ಣ ಚಿತ್ರ, ಮಳೆಯಲ್ಲಿ ನಿಂತ ಬಸ್ಸಿನದು, ಬಾಸೆಲ್‌ನ ನನ್ನ ಅಡುಗೆಮನೆಯಲ್ಲಿದೆ. ಮೇಳಕ್ಕೆ ಬಂದು ನಮ್ಮಲ್ಲಿ ಉಳಿದವರೆಲ್ಲ ಅದರ ಮುಂದೆ ನಿಂತು ಕಾಫಿ ಕುಡಿದಿದ್ದಾರೆ.

ಒಂದೇ ದಿನ ಇದ್ದರೆ ಏನು ನೋಡಲಿ?

ಬೆಳಗ್ಗೆ ಅನ್‌ಲಿಮಿಟೆಡ್. ಮಧ್ಯಾಹ್ನ ಕಲಾ ಮ್ಯೂಸಿಯಮ್ಮಿಗೆ ಹೋಗಿ ಹೋಲ್ಬೈನ್ ಬರೆದ ಸಮಾಧಿಯೊಳಗಿನ ಕ್ರಿಸ್ತನನ್ನು ನೋಡಿ: ಎರಡು ಮೀಟರ್ ಉದ್ದ, ಒಂದೇ ಅಡಿ ಎತ್ತರ, ಹಸಿರುಗಟ್ಟಿದ ಬೆರಳು. ಐನೂರು ವರ್ಷವಾಗಿದೆ, ಮಾರಾಟಕ್ಕಿಲ್ಲ. ನೀರಿನ ಬಾಟಲಿ ಕೊಳ್ಳಬೇಡಿ, ಬೀದಿಬೀದಿಯ ಕಾರಂಜಿಗಳಲ್ಲಿ ಕುಡಿಯುವ ನೀರೇ ಬರುತ್ತದೆ. ಊರಿನ ಹೋಟೆಲಿನಲ್ಲಿ ಉಳಿದರೆ ಟ್ರಾಮ್ ಉಚಿತ, ಚೀಟಿ ಕೇಳಿ ಪಡೆಯಿರಿ. ನಮ್ಮ ಮನೆಯಲ್ಲಿ ಉಳಿಯುವುದಾದರೆ ಜನವರಿಯಲ್ಲೇ ಹೇಳಿ.

ಮೇಳ ಮುಗಿದ ಮೇಲೆ ಆ ಚೌಕದಲ್ಲಿ ಏನಿರುತ್ತದೆ?

ಭಾನುವಾರ ಸಂಜೆಯೇ ಪೆಟ್ಟಿಗೆಗಳು ಬರುತ್ತವೆ, ಲಕೋಟೆಯ ತಿರುಪುಗಳು ಮತ್ತೆ ಅದದೇ ತೂತಿಗೆ ಸೇರುತ್ತವೆ. ಮುಂದಿನ ವಾರಾಂತ್ಯಕ್ಕೆ ಚೌಕ ಖಾಲಿ. ಅಕ್ಟೋಬರ್ ಕೊನೆಯಲ್ಲಿ ಅದೇ ಜಾಗಕ್ಕೆ ತೊಟ್ಟಿಲು, ತಿರುಗುವ ಕುದುರೆಗಳು, ಸುಟ್ಟ ಬಾದಾಮಿಯ ಗಾಡಿಗಳು ಬರುತ್ತವೆ. ಅದು ಬಾಸೆಲ್‌ನ ಶರತ್ಕಾಲದ ಸಂತೆ. ಚಕ್ರವರ್ತಿಯಿಂದ ಅಪ್ಪಣೆ ಪಡೆದದ್ದು 1471ರಲ್ಲಿ, ನಮ್ಮಲ್ಲಿ ವಿಜಯನಗರ ಇನ್ನೂ ಮೆರೆಯುತ್ತಿದ್ದಾಗ. ಅದು ಶುರುವಾಗುವುದು ಸಂತ ಮಾರ್ಟಿನ್ ಚರ್ಚಿನ ಗಂಟೆ ಬಾರಿಸಿದ ಮೇಲೆ. ಬಾರಿಸಿದವನಿಗೆ ಕೂಲಿಯಾಗಿ ಒಂದು ಜೊತೆ ಕೈಗವಸು. ಮೊದಲ ದಿನ ಎಡಗೈಯದನ್ನಷ್ಟೇ ಕೊಡುತ್ತಾರೆ, ಅವನು ಗೋಪುರದ ಕಿಟಕಿಯಿಂದ ಅದನ್ನು ಕೆಳಗೆ ನಿಂತ ಜನರಿಗೆ ತೋರಿಸುತ್ತಾನೆ. ಬಲಗೈಯದು ಸಿಗಬೇಕಾದರೆ ಎರಡು ವಾರ ಬಿಟ್ಟು ಸಂತೆ ಮುಗಿದ ಗಂಟೆಯನ್ನೂ ಅವನೇ ಬಾರಿಸಬೇಕು.